ಹಸುರು ಪೊಟ್ಟಣದ ಕರಿ ಬಣ್ಣ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಂದಿನ ಅಂಗಡಿ ಬೀದಿಯನ್ನು ಅವರು ಕಂಡಿದ್ದರೆ ಹಸುರಾಗಿರುವುದೆಲ್ಲ ಸೊಪ್ಪಲ್ಲ ಎಂಬ ಮಾತನ್ನೂ ಅದರ ಜೊತೆಗೆ ಸೇರಿಸುತ್ತಿದ್ದರೋ ಏನೋ. ಕೋಲಾರ ತಾಲ್ಲೂಕಿನ ನಮ್ಮ ಕ್ಯಾಲನೂರಿನಲ್ಲಿ ಕಿರಾಣಿ ಅಂಗಡಿಯ ಮುಂದೆ ನಿಂತರೆ, ಶಾಂಪೂ ಪೊಟ್ಟಣಗಳ ಸಾಲಿನಲ್ಲಿಯೇ ತಲೆಗೂದಲಿಗೆ ಹಚ್ಚುವ ಬಣ್ಣದ ಪೊಟ್ಟಣಗಳೂ ತೋರಣದಂತೆ ತೂಗಾಡುವುದನ್ನು ಕಾಣಬಹುದು. ಅವುಗಳಲ್ಲಿ ಬಹಳಷ್ಟು ಹಸುರು ಬಣ್ಣದವು. ಒಂದರ ಮೇಲೆ ಗೋರಂಟಿ ಎಲೆಯ ಚಿತ್ರ, ಇನ್ನೊಂದರ ಮೇಲೆ ನೆಲ್ಲಿಕಾಯಿ, ಮತ್ತೊಂದರ ಮೇಲೆ ಮೊಣಕಾಲಿನವರೆಗೆ ಇಳಿಬಿದ್ದ ಕಪ್ಪು ಜಡೆ. ‘ಹರ್ಬಲ್’, ‘ನೈಸರ್ಗಿಕ’, ‘ಕಪ್ಪು ಮೆಹಂದಿ’ ಎಂಬ ದಪ್ಪಕ್ಷರಗಳು. ಈ ಮಾತುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇಪ್ಪತ್ತು ವರ್ಷದ ವಿದ್ಯಾರ್ಥಿಗಳಿಗೆ ನರೆಗೂದಲಿನ ಚಿಂತೆಯೇಕೆ ಎಂದು ಕೆಲವರು ನಗಬಹುದು. ಚಿಂತೆ ನಮ್ಮದಲ್ಲ, ನಮ್ಮ ತಂದೆತಾಯಿಗಳದು. ಕೂದಲಿಗೆ ಬಣ್ಣ ಹಚ್ಚುವುದು ಬರಿಯ ಶೋಕಿಯೆಂದು ತಿಳಿಯುವುದೂ ಸರಿಯಲ್ಲ. ನರಸಾಪುರ, ಮಾಲೂರುಗಳ ಕಾರ್ಖಾನೆಗಳಲ್ಲಿ ಕೆಲಸ ಕೇಳಲು ಹೋಗುವ ನಡುವಯಸ್ಸಿನವನು, ತಲೆ ನರೆತಿದ್ದರೆ ತನ್ನನ್ನು ಹಿಂದಕ್ಕೆ ಕಳುಹಿಸುವರೆಂದು ಹೆದರುತ್ತಾನೆ. ಮಗಳ ಮದುವೆಯಲ್ಲಿ ಬೀಗರ ಎದುರಿಗೆ ನಿಲ್ಲಬೇಕಾದ ತಾಯಿಗೂ ಅಂಥದೇ ಅಳುಕು. ಅವರು ಕೊಳ್ಳುವುದು ಹತ್ತಿಪ್ಪತ್ತು ರೂಪಾಯಿಗಳ ಪೊಟ್ಟಣ. ಅದರೊಡನೆ ನಂಬಿಕೆಯನ್ನೂ ಕೊಳ್ಳುತ್ತಾರೆ. ನಾನು ಕಲಾ ವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರ ನನ್ನ ಪಾಠವಲ್ಲ. ಆದರೆ ಒಂದು ಮಾತು ಏನು ಹೇಳುತ್ತದೆ, ಏನನ್ನು ಮರೆಸುತ್ತದೆ ಎಂದು ನೋಡುವುದು ನಮ್ಮ ಪಾಠವೇ ಸರಿ. ಆ ಧೈರ್ಯದಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಗೋರಂಟಿಯ ಗುಣ

ನಮ್ಮ ಕಡೆ ಗೋರಂಟಿ ಎಂದು ಕರೆಯುವ ಗಿಡವನ್ನೇ ಬೇರೆ ಕಡೆಗಳಲ್ಲಿ ಮದರಂಗಿ ಎನ್ನುತ್ತಾರೆ, ಮೆಹಂದಿ ಎಂದೂ ಹೇಳುತ್ತಾರೆ. ಗಡಿಯಾಚೆಯ ತೆಲುಗಿನವರಿಗೆ ಅದು ಗೋರಿಂಟಾಕು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲಾಸೋನಿಯ ಇನರ್ಮಿಸ್. ಇದರ ಎಲೆಯಲ್ಲಿ ‘ಲಾಸೋನ್’ ಎಂಬ ಬಣ್ಣದ ವಸ್ತು ಇದೆ. ಒಣಗಿದ ಎಲೆಯ ತೂಕದಲ್ಲಿ ಇದು ನೂರಕ್ಕೆ ಒಂದು ಭಾಗದ ಆಸುಪಾಸು ಮಾತ್ರ. ಎಲೆಯನ್ನು ಅರೆದು ಹಚ್ಚಿದಾಗ ಈ ವಸ್ತು ಹೊರಗೆ ಬಂದು ಚರ್ಮ, ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತವೇ ಬಣ್ಣ.

ಯಾವ ಬಣ್ಣ? ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಹಬ್ಬದ ಹಿಂದಿನ ರಾತ್ರಿ ಗೋರಂಟಿ ಹಚ್ಚಿಸಿಕೊಂಡ ಹುಡುಗಿಯ ಅಂಗೈ ಬೆಳಗ್ಗೆ ಕಿತ್ತಳೆಯಾಗಿರುತ್ತದೆ, ಒಂದೆರಡು ದಿನಗಳಲ್ಲಿ ಕೆಂಗಂದುವಾಗುತ್ತದೆ. ಯಾವ ಅಜ್ಜಿಯ ಗೋರಂಟಿಯೂ ಯಾವ ಮೊಮ್ಮಗಳ ಅಂಗೈಯನ್ನೂ ಕಾಡಿಗೆಯಷ್ಟು ಕಪ್ಪುಮಾಡಿಲ್ಲ. ಕೂದಲಿಗೂ ಇದೇ ನಿಯಮ. ನರೆಗೂದಲಿಗೆ ಬರಿಯ ಗೋರಂಟಿ ಹಚ್ಚಿದರೆ ಅದು ಕೆಂಪಾಗುತ್ತದೆ, ಕಪ್ಪಾಗದು. ಆದುದರಿಂದ ‘ಕಪ್ಪು ಮೆಹಂದಿ’ ಎಂಬ ಹೆಸರಿನಲ್ಲಿಯೇ ವಿರೋಧವಿದೆ. ಮೆಹಂದಿಯಾದರೆ ಅದು ಕಪ್ಪಲ್ಲ. ಕಪ್ಪಾದರೆ ಅದರಲ್ಲಿ ಮೆಹಂದಿಯಲ್ಲದ ಇನ್ನೇನೋ ಇರಲೇಬೇಕು.

ಹಿಂದಿನವರು ಕಪ್ಪನ್ನು ಹೇಗೆ ಪಡೆಯುತ್ತಿದ್ದರು?

ಗಿಡಮೂಲದಿಂದ ಕಪ್ಪು ಬರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬರುತ್ತದೆ, ಆದರೆ ಅದಕ್ಕೆ ದುಡಿಮೆ ಬೇಕು, ಕಾಲ ಬೇಕು. ಒಂದು ದಾರಿ ನೀಲಿಯದು. ನೀಲಿ ಗಿಡದ ಎಲೆಯ ಪುಡಿಯನ್ನು ಗೋರಂಟಿ ಹಚ್ಚಿದ ಮೇಲೆ ಬೇರೆಯಾಗಿ ಹಚ್ಚಿದರೆ, ಕೆಂಪೂ ನೀಲಿಯೂ ಒಂದರ ಮೇಲೊಂದು ಕುಳಿತು ಗಾಢವಾದ ಕಂದು ಅಥವಾ ಕಪ್ಪು ಕಾಣಿಸುತ್ತದೆ. ಇದು ಎರಡು ಹಂತದ, ಹಲವು ಗಂಟೆಗಳ ಕೆಲಸ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಗೋರಂಟಿಗೆ ಹೆಸರಾದುದು. ಅಲ್ಲಿಯ ಮೆಹಂದಿಗೆ ೨೦೨೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ನೀಲಿ ಬೆಳೆಗೆ ನಮ್ಮ ನೆರೆಯ ಕಡಪ ಸೀಮೆ ಹಿಂದಿನಿಂದಲೂ ಪ್ರಸಿದ್ಧ. ಈ ಎರಡು ಎಲೆಗಳು ಸೇರಿದರೆ ನಿಜವಾದ ಗಿಡಮೂಲದ ಕರಿ ಬಣ್ಣ ಸಾಧ್ಯ.

ಇನ್ನೊಂದು ದಾರಿ ಕಬ್ಬಿಣದ್ದು. ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕಿದರೆ ಮರುದಿನಕ್ಕೆ ನೀರು ಮಸಿಯಂತಾಗುವುದನ್ನು ನಮ್ಮ ತಾಯಂದಿರು ಬಲ್ಲರು. ನೆಲ್ಲಿಯಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಕಬ್ಬಿಣದೊಡನೆ ಕೂಡಿದಾಗ ಕಪ್ಪು ಹುಟ್ಟುತ್ತದೆ. ಹಿಂದಿನ ಕಾಲದ ಬರೆಯುವ ಮಸಿಯೂ ಇದೇ ತತ್ತ್ವದ್ದು. ಆದರೆ ಈ ಕಪ್ಪು ಬಹುಮಟ್ಟಿಗೆ ಕೂದಲಿನ ಮೇಲ್ಮೈಯಲ್ಲಿ ನಿಲ್ಲುವುದರಿಂದ ತೊಳೆದಂತೆಲ್ಲ ಮಾಸುತ್ತದೆ. ಗರುಗದ ಸೊಪ್ಪಿನ ಎಣ್ಣೆಯನ್ನು ಹಳ್ಳಿಗಳಲ್ಲಿ ಕಾಯಿಸಿ ಹಚ್ಚುತ್ತಾರೆ. ಅದು ಕೂದಲಿಗೆ ನುಣುಪು ಕೊಡುತ್ತದೆ. ಬಿಳಿಯ ಕೂದಲನ್ನು ಒಂದೇ ಮಧ್ಯಾಹ್ನದಲ್ಲಿ ಕಪ್ಪುಮಾಡುವ ಶಕ್ತಿ ಅದಕ್ಕಿಲ್ಲ.

ಹೀಗಿರಲು, ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ತೊಳೆದರೆ ಕಾಗೆಯ ರೆಕ್ಕೆಯಂತೆ ಕಪ್ಪಾಗಿ, ವಾರಗಟ್ಟಲೆ ಮಾಸದೆ ನಿಲ್ಲುವ ಬಣ್ಣ ಎಲ್ಲಿಂದ ಬಂತು?

ಪೊಟ್ಟಣದ ಕಪ್ಪು

ಅದು ಬಂದುದು ಹತ್ತೊಂಬತ್ತನೆಯ ಶತಮಾನದ ಐರೋಪ್ಯ ರಸಾಯನಶಾಸ್ತ್ರದಿಂದ. ಕಲ್ಲಿದ್ದಲಿನ ಡಾಂಬರಿನಿಂದ ಬಗೆಬಗೆಯ ಬಣ್ಣಗಳನ್ನು ತೆಗೆಯುತ್ತಿದ್ದ ಆ ಕಾಲದಲ್ಲಿ, ೧೮೬೩ರಲ್ಲಿ, ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿ ‘ಪ್ಯಾರಾ-ಫಿನೈಲೀನ್‌ಡೈಅಮೀನ್’ ಎಂಬ ವಸ್ತುವನ್ನು ವರ್ಣಿಸಿದನು. ಹೆಸರು ಉದ್ದವಾದುದರಿಂದ ಇದನ್ನು ಪಿ.ಪಿ.ಡಿ. ಎಂದೇ ಕರೆಯುವುದು ವಾಡಿಕೆ. ಆ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ತುಪ್ಪಳಕ್ಕೂ ಕೂದಲಿಗೂ ಬಣ್ಣ ಕಟ್ಟಲು ಬಳಸುವುದು ಮೊದಲಾಯಿತು. ೧೯೦೭ರಲ್ಲಿ ಪ್ಯಾರಿಸ್ಸಿನ ಯೂಜೀನ್ ಷೂಲರ್ ಎಂಬ ರಸಾಯನ ತಜ್ಞನು ಕೂದಲ ಬಣ್ಣವನ್ನು ತಯಾರಿಸಿ ಕ್ಷೌರದಂಗಡಿಗಳಿಗೆ ಮಾರತೊಡಗಿದನು. ಇಂದು ಜಗತ್ತಿಗೆಲ್ಲ ಪರಿಚಿತವಾದ ಲೋರಿಯಲ್ ಕಂಪನಿಯ ಆರಂಭ ಅದೇ.

ಇದು ಕೆಲಸ ಮಾಡುವ ಬಗೆ ಸೋಜಿಗದ್ದು. ಪಿ.ಪಿ.ಡಿ.ಯ ಕಣಗಳು ಬಹಳ ಚಿಕ್ಕವು. ಕ್ಷಾರದ ನೆರವಿನಿಂದ ಅವು ಕೂದಲಿನ ಒಳಕ್ಕೆ ನುಗ್ಗುತ್ತವೆ. ಅಲ್ಲಿ ಪೆರಾಕ್ಸೈಡಿನಿಂದ ಆಮ್ಲಜನಕ ದೊರೆತಾಗ ಒಂದಕ್ಕೊಂದು ಕೂಡಿಕೊಂಡು ದೊಡ್ಡ ದೊಡ್ಡ ಬಣ್ಣದ ಕಣಗಳಾಗುತ್ತವೆ. ಚಿಕ್ಕವಾಗಿ ಒಳಗೆ ಹೋದುವು ದೊಡ್ಡವಾದ ಮೇಲೆ ಹೊರಗೆ ಬರಲಾರವು. ಇಲಿಯೊಂದು ಸಂದಿನಲ್ಲಿ ಕಣಜವನ್ನು ಹೊಕ್ಕು, ತಿಂದು ಕೊಬ್ಬಿ, ಒಳಗೇ ಸಿಕ್ಕಿಬಿದ್ದ ಹಾಗೆ. ಬಣ್ಣ ಬೇಗ ಹೋಗದಿರುವುದಕ್ಕೆ ಇದೇ ಕಾರಣ. ನೀರಿನಲ್ಲಿ ಕಲಸುವ ಪುಡಿಗಳಲ್ಲಿ ಪೆರಾಕ್ಸೈಡನ್ನೂ ಪುಡಿಯ ರೂಪದಲ್ಲಿಯೇ, ಸಾಮಾನ್ಯವಾಗಿ ಬೇರಿಯಂ ಪೆರಾಕ್ಸೈಡ್ ಅಥವಾ ಸೋಡಿಯಂ ಪರ್ಬೊರೇಟ್ ಎಂದು, ಸೇರಿಸಿರುತ್ತಾರೆ. ಗೋರಂಟಿ ಪುಡಿಯನ್ನೂ ಬೆರೆಸಿರುತ್ತಾರೆ, ಅದು ಸುಳ್ಳಲ್ಲ. ಆದರೆ ಕಪ್ಪುಮಾಡುವ ಕೆಲಸವನ್ನು ಮಾಡುವುದು ಗೋರಂಟಿಯಲ್ಲ. ದುಡಿಯುವವನೊಬ್ಬ, ಹೆಸರು ಪಡೆಯುವವನೊಬ್ಬ!

ಮಾತಿನ ಜಾಣತನ

ಈ ಪೊಟ್ಟಣಗಳ ಮಾತುಗಳನ್ನು ಕೂಡಿಟ್ಟು ನೋಡಿದರೆ ಮೂರು ಬಗೆಯ ಜಾಣತನ ಕಾಣುತ್ತದೆ.

ಮೊದಲನೆಯದು, ಇರುವುದನ್ನು ಹೇಳಿ ಮುಖ್ಯವಾದುದನ್ನು ಬಿಡುವುದು. ‘ಗೋರಂಟಿ, ನೆಲ್ಲಿ, ಸೀಗೆಕಾಯಿಗಳ ಗುಣ ತುಂಬಿದೆ’ ಎಂಬುದು ಹಾಗೆ ನೋಡಿದರೆ ಸುಳ್ಳಲ್ಲ. ಒಂದು ಕೊಡ ನೀರಿಗೆ ಒಂದು ಚಮಚ ಹಾಲು ಹಾಕಿ ‘ಹಾಲು ಇದೆ’ ಎಂದರೂ ಸುಳ್ಳಲ್ಲ.

ಎರಡನೆಯದು, ಇಲ್ಲದಿರುವ ಒಂದನ್ನು ದೊಡ್ಡದಾಗಿ ಸಾರುವುದು. ‘ಅಮೋನಿಯಾ ಇಲ್ಲ’ ಎಂಬ ಮಾತು ಇಂಥದು. ಅಮೋನಿಯಾ ಬಣ್ಣದ ವಸ್ತುವಲ್ಲ. ಕೂದಲಿನ ಹೊರಪದರವನ್ನು ಸಡಿಲಿಸುವ ಕ್ಷಾರ. ಅದರ ಬದಲಿಗೆ ವಾಸನೆ ಕಡಮೆಯಾದ ಬೇರೊಂದು ಕ್ಷಾರವನ್ನು ಹಾಕಬಹುದು. ಆಗಲೂ ಪಿ.ಪಿ.ಡಿ. ಇದ್ದೇ ಇರಬಹುದು. ಓದುವವನಾದರೋ, ಕೆಟ್ಟದ್ದೆಲ್ಲ ಹೋಯಿತೆಂದು ಭಾವಿಸುತ್ತಾನೆ.

ಮೂರನೆಯದು ಎಲ್ಲಕ್ಕಿಂತ ಆಳವಾದುದು: ನೈಸರ್ಗಿಕವೆಂದರೆ ನಿರಪಾಯವೆಂಬ ಭಾವನೆಯನ್ನು ಹುಟ್ಟಿಸುವುದು. ಉಮ್ಮತ್ತದ ಕಾಯಿ ನೈಸರ್ಗಿಕವಲ್ಲವೆ? ಎಕ್ಕದ ಹಾಲು ಯಾವ ಕಾರ್ಖಾನೆಯಲ್ಲಿ ತಯಾರಾಗುತ್ತದೆ? ಮಡಿವಾಳರು ಬಟ್ಟೆಗಳಿಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ರಸ ಅಪ್ಪಟ ಗಿಡಮೂಲದ ಕಪ್ಪು, ನೀರಿಗೆ ಹೋಗದ ಕಪ್ಪು. ಅದು ಚರ್ಮಕ್ಕೆ ತಗಲಿದರೆ ಬೊಬ್ಬೆ ಏಳುತ್ತದೆ. ಗೋರಂಟಿಯೂ ಎಲ್ಲರಿಗೂ ಒಂದೇ ಸಮನಲ್ಲ; ರಕ್ತದಲ್ಲಿ ಜಿ-೬-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಎಳೆಯ ಕೂಸುಗಳಿಗೆ ಅದನ್ನು ಹಚ್ಚಿದರೆ ಕೆಂಪು ರಕ್ತಕಣಗಳು ಒಡೆಯಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಇನ್ನೊಂದು ಕಡೆ ನೋಡಿದರೆ, ೧೮೯೭ರಲ್ಲಿ ಜರ್ಮನಿಯ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದ ಕೃತಕ ನೀಲಿಗೂ ಗಿಡದ ನೀಲಿಗೂ ಬಣ್ಣದ ಕಣ ಒಂದೇ. ಹೀಗಾಗಿ ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬುದು ನಾವು ಕೇಳಬೇಕಾದ ಮೊದಲ ಪ್ರಶ್ನೆಯಲ್ಲ. ಒಳಗಿರುವುದು ಏನು, ಅದು ಮೈಗೆ ಏನು ಮಾಡುತ್ತದೆ ಎಂಬುದೇ ಪ್ರಶ್ನೆ. ‘ನೈಸರ್ಗಿಕ’ ಎಂಬ ಪದ ಈ ಪ್ರಶ್ನೆಯನ್ನು ಕೇಳದಂತೆಯೇ ನಮ್ಮನ್ನು ಸುಮ್ಮನಿರಿಸುತ್ತದೆ.

ಮೈಗೆ ಆಗುವುದೇನು?

ಪಿ.ಪಿ.ಡಿ. ಬಹುಮಂದಿಗೆ ಏನನ್ನೂ ಮಾಡುವುದಿಲ್ಲ. ಆದರೆ ಕೆಲವರ ಮೈ ಅದನ್ನು ಶತ್ರುವೆಂದು ಗುರುತಿಸಿಬಿಡುತ್ತದೆ. ಈ ಗುರುತಿಸುವಿಕೆ ಮೊದಲನೆಯ ಸಲವೇ ಆಗಬೇಕೆಂದಿಲ್ಲ. ವರ್ಷಗಟ್ಟಲೆ ಹಚ್ಚಿಕೊಂಡವರಿಗೂ ಒಂದು ದಿನ ಆಗಬಹುದು. ಒಮ್ಮೆ ಆಯಿತೆಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಚ್ಚಿದ ಒಂದೆರಡು ದಿನಗಳ ಮೇಲೆ ತಲೆ, ಕಿವಿ, ಕತ್ತುಗಳಲ್ಲಿ ತುರಿಕೆ, ನೀರುಗುಳ್ಳೆ, ರೆಪ್ಪೆಗಳ ಊತ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಚರ್ಮರೋಗ ತಜ್ಞರ ಸಂಘವೊಂದು ೨೦೦೬ರಲ್ಲಿ ಪಿ.ಪಿ.ಡಿ.ಯನ್ನು ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿತು. ಯೂರೋಪಿನ ಒಕ್ಕೂಟದಲ್ಲಿ, ಕಲಸಿ ತಲೆಗೆ ಹಚ್ಚುವ ಬಣ್ಣದಲ್ಲಿ ಇದು ನೂರಕ್ಕೆ ಎರಡನ್ನು ಮೀರಕೂಡದೆಂಬ ಮಿತಿಯಿದೆ.

ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮದುವೆಯೊಂದಕ್ಕೆ ಶ್ರೀನಿವಾಸಪುರಕ್ಕೆ ಹೊರಟಿದ್ದ ನಮ್ಮ ಚಿಕ್ಕಮ್ಮ ಎಂದಿನಂತೆ ‘ಹರ್ಬಲ್’ ಪೊಟ್ಟಣವೊಂದನ್ನು ಕಲಸಿ ಹಚ್ಚಿಕೊಂಡರು. ಮೂರನೆಯ ದಿನ ಮುಖ ಊದಿ ಕಣ್ಣು ತೆರೆಯಲಾಗದೆ ಹೋಯಿತು. ವೈದ್ಯರು, “ಏನಮ್ಮ ಹಚ್ಕೊಂಡ್ರಿ?” ಎಂದು ಕೇಳಿದರು. ಚಿಕ್ಕಮ್ಮ, “ಗೋರಂಟಿ ಸೊಪ್ಪೇ ಸಾರ್, ಬೇರೆ ಏನೂ ಇಲ್ಲ” ಎಂದರು. ಅವರು ಸುಳ್ಳು ಹೇಳಲಿಲ್ಲ. ಪೊಟ್ಟಣ ತಮಗೆ ಹೇಳಿದುದನ್ನೇ ಅವರು ವೈದ್ಯರಿಗೆ ಹೇಳಿದರು. ನಾನು ಮನೆಗೆ ಹೋಗಿ, ಬಚ್ಚಲಿನ ಗೂಡಿನಲ್ಲಿದ್ದ ಖಾಲಿ ಪೊಟ್ಟಣವನ್ನು ತಂದು ಬೆಳಕಿಗೆ ಹಿಡಿದು ಓದಿದಾಗ, ಮಡಿಕೆಯ ಹತ್ತಿರ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಪಿ.ಪಿ.ಡಿ.ಯ ಪೂರ್ಣ ಹೆಸರಿತ್ತು. ವೈದ್ಯರು ಅದನ್ನು ನೋಡಿ ತಲೆಯಾಡಿಸಿ ಔಷಧ ಬರೆದರು. ಒಂದು ವಾರಕ್ಕೆ ಊತ ಇಳಿಯಿತು. ಚಿಕ್ಕಮ್ಮ ಈಗ ನರೆಗೂದಲಿನಲ್ಲಿಯೇ ಮದುವೆಗಳಿಗೆ ಹೋಗುತ್ತಾರೆ. ಸುಳ್ಳು ಹೆಸರಿನ ಕೇಡು ಕೊಳ್ಳುವಾಗಲೇ ಮುಗಿಯುವುದಿಲ್ಲ. ಕಾಯಿಲೆಯ ಹೊತ್ತಿನಲ್ಲಿ ವೈದ್ಯನ ದಾರಿಯನ್ನೂ ಅದು ತಪ್ಪಿಸುತ್ತದೆ ಎಂಬುದು ನನಗೆ ಅಂದು ಮನದಟ್ಟಾಯಿತು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಸುಡಾನಿನಲ್ಲಿ ಹೆಂಗಸರು ಗೋರಂಟಿಯ ಬಣ್ಣ ಬೇಗ ಕಪ್ಪಾಗಲೆಂದು ಪಿ.ಪಿ.ಡಿ.ಯನ್ನು ಬೆರೆಸಿ ಕೈಕಾಲುಗಳಿಗೆ ಹಚ್ಚುವ ರೂಢಿಯಿಂದ ಆದ ವಿಷಬಾಧೆಗಳನ್ನು ಅಲ್ಲಿಯ ವೈದ್ಯರು ೧೯೮೦ರ ದಶಕದಿಂದಲೂ ವರದಿ ಮಾಡಿದ್ದಾರೆ. ವಿದೇಶದ ಪ್ರವಾಸಿ ತಾಣಗಳಲ್ಲಿ ಮಕ್ಕಳ ತೋಳಿಗೆ ‘ಕಪ್ಪು ಗೋರಂಟಿ’ಯ ಚಿತ್ರ ಬರೆಸಿ, ಆ ಚಿತ್ರದ ಆಕಾರದಲ್ಲಿಯೇ ಬೊಬ್ಬೆ ಎದ್ದ ಪ್ರಸಂಗಗಳೂ ಅನೇಕ. ಇದೇ ವಸ್ತು ಹೊಟ್ಟೆಗೆ ಹೋದರಂತೂ ಗಂಟಲು ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳೂ ಮೂತ್ರಪಿಂಡಗಳೂ ಕೆಡುತ್ತವೆ. ಇದಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಮಧುರೆ, ಝಾನ್ಸಿ ಮೊದಲಾದ ಕಡೆಯ ವೈದ್ಯರು ಇಂಥ ರೋಗಿಗಳನ್ನು ಕುರಿತು ಬರೆದಿದ್ದಾರೆ. ‘ಬರೀ ಸೊಪ್ಪಿನ ಪುಡಿ’ ಎಂದು ನಂಬಿ ಮಕ್ಕಳ ಕೈಗೆ ಎಟುಕುವ ಕಡೆ ಇದನ್ನು ಇಡುವ ಮನೆಗಳು ಇದನ್ನು ನೆನೆಯಬೇಕು. ಹಾಗೇನಾದರೂ ಹೊಟ್ಟೆಗೆ ಹೋದರೆ, ಗಂಟಲು ಊದುವವರೆಗೆ ಕಾಯದೆ, ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಒಡನೆಯೇ ದೊಡ್ಡ ಆಸ್ಪತ್ರೆಗೆ ಓಡಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದಲ್ಲ. ೧೯೪೦ರ ಔಷಧ ಕಾಯಿದೆಗೆ ೧೯೬೨ರ ತಿದ್ದುಪಡಿಯಿಂದ ಸೌಂದರ್ಯವರ್ಧಕಗಳೂ ಸೇರಿದವು. ಅದರ ೧೭-ಸಿ ಪ್ರಕರಣದ ಪ್ರಕಾರ, ಸೌಂದರ್ಯವರ್ಧಕದ ಚೀಟಿಯ ಮೇಲೆ ಸುಳ್ಳಾದ ಅಥವಾ ದಾರಿತಪ್ಪಿಸುವ ಯಾವ ಮಾತಿದ್ದರೂ ಅದು ತಪ್ಪು ಹೆಸರಿನ ಸರಕು. ೧೯೪೫ರ ನಿಯಮಾವಳಿಯ ೧೪೯ನೆಯ ನಿಯಮ ಇನ್ನೂ ಸ್ಪಷ್ಟ. ಪಿ.ಪಿ.ಡಿ. ಮೊದಲಾದ ಬಣ್ಣಗಳಿರುವ ಕೂದಲ ಬಣ್ಣದ ಒಳಚೀಟಿ ಹೊರಚೀಟಿಗಳೆರಡರ ಮೇಲೂ ಎಚ್ಚರಿಕೆಯನ್ನು ಮುದ್ರಿಸಬೇಕು: ಕೆಲವರ ಚರ್ಮಕ್ಕೆ ಇದರಿಂದ ತೊಂದರೆಯಾಗಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು, ರೆಪ್ಪೆ ಹುಬ್ಬುಗಳಿಗೆ ಹಚ್ಚಿದರೆ ಕುರುಡಾಗಬಹುದು ಎಂದು. ಅದನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಮುದ್ರಿಸಬೇಕೆಂಬುದು ನಿಯಮ. ಸೌಂದರ್ಯವರ್ಧಕಗಳಿಗಾಗಿಯೇ ಬಂದ ೨೦೨೦ರ ನಿಯಮಗಳಲ್ಲಿಯೂ ಈ ಎಚ್ಚರಿಕೆ ಮುಂದುವರಿದಿದೆ.

ಆದರೂ ಎರಡು ಸಂದುಗಳಿವೆ. ‘ಹರ್ಬಲ್’, ‘ನೈಸರ್ಗಿಕ’ ಎಂಬ ಪದಗಳಿಗೆ ಈ ಕಾಯಿದೆಯಲ್ಲಿ ಅರ್ಥವಿವರಣೆಯಿಲ್ಲ. ಎಷ್ಟು ಸೊಪ್ಪಿದ್ದರೆ ಸೊಪ್ಪಿನ ಬಣ್ಣವೆನ್ನಬಹುದೆಂಬ ಅಳತೆಯಿಲ್ಲ. ಎರಡನೆಯದು, ಚೀಟಿಯ ಮೇಲೆ ಒಳವಸ್ತುಗಳ ಪಟ್ಟಿಯನ್ನು ಕೊಡಬೇಕೆಂಬ ನಿಯಮದಿಂದ ೩೦ ಗ್ರಾಮಿಗಿಂತ ಕಡಮೆಯ ಪುಡಿಯ ಪೊಟ್ಟಣಗಳಿಗೂ ೬೦ ಮಿಲಿಲೀಟರಿಗಿಂತ ಕಡಮೆಯ ದ್ರವಗಳಿಗೂ ವಿನಾಯಿತಿ ಬಂದಿದೆ. ದೊಡ್ಡ ಡಬ್ಬಿ ಕೊಳ್ಳುವವನಿಗೆ ಪಟ್ಟಿ ಖಂಡಿತ. ಚಿಕ್ಕ ಪೊಟ್ಟಣ ಕೊಳ್ಳುವ ಬಡವನಿಗೆ ಅದು ತಯಾರಕನ ಮರ್ಜಿ. ಇದು ಯೋಚಿಸಬೇಕಾದ ಮಾತು.

ಎದುರು ವಾದವೊಂದನ್ನು ನ್ಯಾಯವಾಗಿ ಇಲ್ಲಿ ಹೇಳಬೇಕು. ಪಿ.ಪಿ.ಡಿ.ಯನ್ನು ಸರ್ಕಾರ ನಿಷೇಧಿಸಿಲ್ಲ. ಕೋಟ್ಯಂತರ ಜನ ಬಳಸಿಯೂ ಸುಖವಾಗಿದ್ದಾರೆ. ಕಡಮೆ ಬೆಲೆಗೆ ಅಷ್ಟು ಕಪ್ಪು ಕೊಡುವ ಎಲೆ ಬೇರೆಯಿಲ್ಲ. ಇದರಲ್ಲಿ ತಪ್ಪೇನು ಎಂದು ತಯಾರಿಸುವವರು ಕೇಳಬಹುದು. ಈ ಮಾತೆಲ್ಲ ನಿಜ. ಮಾರುವುದು ತಪ್ಪಲ್ಲ, ಬೇರೆ ಹೆಸರಿನಲ್ಲಿ ಮಾರುವುದು ತಪ್ಪು. ಇದು ರಾಸಾಯನಿಕ ಬಣ್ಣ ಎಂದು ತಿಳಿದು ಕೊಳ್ಳುವವನು ತೋಳಿನ ಮೇಲೆ ಒಂದಿಷ್ಟು ಹಚ್ಚಿ ಪರೀಕ್ಷೆ ಮಾಡಿಕೊಂಡಾನು. ಸೊಪ್ಪೆಂದು ನಂಬಿದವನು ಏಕೆ ಮಾಡಿಕೊಂಡಾನು? ಎಚ್ಚರಿಕೆಯ ಮಾತನ್ನು ಹಿಂದೆ ಸಣ್ಣಕ್ಷರದಲ್ಲಿ ಮುದ್ರಿಸಿ, ಅದು ಬೇಡವೆನಿಸುವಂಥ ಮಾತನ್ನು ಮುಂದೆ ದಪ್ಪಕ್ಷರದಲ್ಲಿ ಮುದ್ರಿಸಿದರೆ, ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಯಿತು.

ನಾವು ಮಾಡಬಹುದಾದುದು

ಪೊಟ್ಟಣವನ್ನು ಪರೀಕ್ಷಿಸಲು ಸುಲಭವಾದ ಕೆಲವು ಸೂತ್ರಗಳನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ.

ಒಂದು, ಕಾಲವನ್ನು ಕೇಳಬೇಕು. ಒಂದೇ ಸಲಕ್ಕೆ, ಅರ್ಧ ಗಂಟೆಯೊಳಗೆ, ಅಚ್ಚ ಕಪ್ಪು ಎಂದರೆ ಅದು ಎಲೆಯ ಕೆಲಸವಲ್ಲ.

ಎರಡು, ಹಿಂಬದಿಯನ್ನು ಓದಬೇಕು. ‘ಪ್ಯಾರಾ’ ಅಥವಾ ‘ಪಿ’ ಎಂಬುದರ ಮುಂದೆ ‘ಫಿನೈಲೀನ್‌ಡೈಅಮೀನ್’ ಎಂದಿರಲಿ, ‘ಡೈಅಮಿನೋಬೆಂಜೀನ್’ ಎಂದಿರಲಿ, ವಸ್ತು ಒಂದೇ. ‘ಟಾಲ್ವೀನ್ ಡೈಅಮೀನ್’ ಅದರ ದಾಯಾದಿ. ಪೆರಾಕ್ಸೈಡ್ ಎಂಬ ಪದ ಕಂಡರೂ ಇದು ಬರಿಯ ಸೊಪ್ಪಲ್ಲವೆಂದು ತಿಳಿಯಬೇಕು. ಪಟ್ಟಿಯೇ ಇಲ್ಲದಿದ್ದರೆ, ಚರ್ಮದ ಪರೀಕ್ಷೆಯನ್ನೂ ರೆಪ್ಪೆ ಹುಬ್ಬುಗಳನ್ನೂ ಕುರಿತ ಎಚ್ಚರಿಕೆಯೇ ಸಾಕಷ್ಟು ಸುಳಿವು.

ಮೂರು, ಪರೀಕ್ಷೆ ಮಾಡಿಕೊಳ್ಳಬೇಕು. ನಿಯಮದಲ್ಲಿ ಹೇಳಿರುವ ಕ್ರಮ ಇದು: ಕಿವಿಯ ಹಿಂದೆ ಅಥವಾ ಮುಂಗೈಯ ಒಳಮೈಯಲ್ಲಿ ಸ್ವಲ್ಪ ಜಾಗವನ್ನು ತೊಳೆದು, ಕಲಸಿದ ಬಣ್ಣವನ್ನು ಸ್ವಲ್ಪ ಹಚ್ಚಿ ಒಣಗಲು ಬಿಟ್ಟು, ಇಪ್ಪತ್ತನಾಲ್ಕು ಗಂಟೆಗಳ ಮೇಲೆ ತೊಳೆದು ನೋಡುವುದು. ಕೆಂಪಾದರೆ, ತುರಿಸಿದರೆ ಆ ಬಣ್ಣ ನಮಗಲ್ಲ. ಅಲರ್ಜಿ ತಡವಾಗಿಯೂ ಕಾಣಿಸಬಹುದಾದುದರಿಂದ ಇನ್ನೊಂದು ದಿನ ಕಾದರೆ ಮತ್ತೂ ಒಳ್ಳೆಯದು. ಪ್ರತಿಸಲವೂ ಹೀಗೆ ಮಾಡಬೇಕು. ಹಿಂದಿನ ಸಲ ಏನೂ ಆಗಲಿಲ್ಲವೆಂಬುದು ಈ ಸಲಕ್ಕೆ ಭರವಸೆಯಲ್ಲ.

ನಾಲ್ಕು, ತೊಂದರೆಯಾದರೆ ಪೊಟ್ಟಣವನ್ನು ಎಸೆಯದೆ ವೈದ್ಯರ ಹತ್ತಿರ ಒಯ್ಯಬೇಕು. ದಾರಿತಪ್ಪಿಸುವ ಜಾಹೀರಾತನ್ನು ಕಂಡರೆ ೧೯೧೫ ಎಂಬ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೂ, ಮತ್ತೆ ತಪ್ಪು ಮಾಡಿದರೆ ಐವತ್ತು ಲಕ್ಷದವರೆಗೂ ದಂಡ ವಿಧಿಸಬಹುದು.

ಸಹಪಾಠಿ ಮಿತ್ರರೆ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಬ್ಯಾಂಕಿನ ಚೀಟಿ, ಪಹಣಿ, ಆಸ್ಪತ್ರೆಯ ಕಾಗದ ಯಾವುದು ಬಂದರೂ ಮನೆಯವರು ನಮ್ಮ ಕೈಗೇ ಕೊಟ್ಟು, “ಇದರಲ್ಲಿ ಏನು ಬರೆದಿದೆ, ಓದಪ್ಪ” ಎನ್ನುತ್ತಾರೆ. ಆದರೆ ಬಚ್ಚಲುಮನೆಯ ಪೊಟ್ಟಣವನ್ನು ಓದಿ ಹೇಳೆಂದು ಯಾರೂ ಕೇಳುವುದಿಲ್ಲ. ಏಕೆಂದರೆ ಅದರ ಮುಂಭಾಗವನ್ನು ಅವರೇ ಓದಿಕೊಂಡಿದ್ದಾರೆ, ಚಿತ್ರವನ್ನು ನೋಡಿ ಅರ್ಥಮಾಡಿಕೊಂಡಿದ್ದಾರೆ. ಹಿಂಭಾಗ ಉಳಿದಿದೆ. ಪರೀಕ್ಷೆಗಾಗಿ ನಾವು ನೂರಾರು ಪುಟಗಳನ್ನು ಓದುತ್ತೇವೆ. ರಜೆಯಲ್ಲಿ ಊರಿಗೆ ಹೋದಾಗ ಆ ಹಿಂಭಾಗದ ನಾಲ್ಕು ಸಾಲುಗಳನ್ನು ನಮ್ಮ ತಾಯಿಗೆ, ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಿದರೆ, ನಾವು ಕಲಿತ ಅಕ್ಷರ ಮನೆಯವರ ಉಪಯೋಗಕ್ಕೆ ಬಂದಂತಾಗುತ್ತದೆ.